ಅವ್ವ ಉಜ್ಜಿದ ಕೋವಿ

ನಜರ್‌ಬಾದ್, ಮೈಸೂರು
೧೪-೧-೧೯೫೭

ಶ್ರೀ ಗೋಪಾಲರಾಜೇ ಅರಸಿನವರಿಗೆ ಶರಣು.

ನಿಮ್ಮ ಕಾಗದ ಬಂತು. ನಿಮ್ಮ ಸಂಗ್ರಹಕ್ಕೆಂದು ನಮ್ಮಿಂದ ಕೊಂಡ ಹಳೆಯ ಕೇಪಿನ ಕಾರ್ಬೈನ್ ಕೋವಿಯ ಮೇಲಿದ್ದ ಬ್ರಿಟಿಷ್ ಕಿರೀಟದ ಗುರುತನ್ನು ಉಜ್ಜಿ ಅಳಿಸಿದ ಮೂರ್ಖರು ಯಾರೆಂದು ಕೇಳಿದ್ದೀರಿ.

ನಮ್ಮ ಅವ್ವ. ಪ್ರತಿ ಆಯುಧಪೂಜೆಗೂ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಕಿರೀಟವೂ ಅವರಿಗೆ ತುಕ್ಕಿನಂತೆಯೇ ಕಂಡಿರಬೇಕು.

ಮರದ ಹಿಡಿಯ ಮೇಲಿನ ಮೂರು ವಿಭೂತಿ ಗೆರೆಗಳನ್ನು ಒರೆಸಿ ಎಣ್ಣೆ ಹಚ್ಚಿಸುವುದಾಗಿಯೂ ಬರೆದಿದ್ದೀರಿ. ದಯವಿಟ್ಟು ಎಣ್ಣೆಯನ್ನು ನಳಿಗೆಗೆ ಮಾತ್ರ ಹಚ್ಚಿಸಿ. ಆ ಗೆರೆಗಳನ್ನು ಕಳೆದ ಆಯುಧಪೂಜೆಯಲ್ಲಿ ಅವ್ವ ಎಳೆದರು. ಕಾರ್ತಿಕದಲ್ಲಿ ಲಿಂಗೈಕ್ಯರಾದರು.

ಕಿರೀಟದ ಗುರುತಿರುವ ಕೋವಿ ನಿಮಗೆ ಇನ್ನೊಂದು ಸಿಕ್ಕೀತು. ಅವ್ವನ ಬೆರಳಿನ ಗುರುತು ಉಳಿದಿರುವುದು ಅದೊಂದರ ಮೇಲೆಯೇ.

ಗೌರವದಿಂದ,
ಗುರುಮಲ್ಲಪ್ಪ