ಕೈಯೆತ್ತಿ ಕೊಟ್ಟದ್ದು

ಜೂನ್ 3, ಸೋಮವಾರ. ಸಂಜೆ ಏಳು

ಇವತ್ತೂ ಕರೆಂಟ್ ಇಲ್ಲ. ಮೇಣದಬತ್ತಿ ಹಚ್ಚಿಕೊಂಡೇ ಮಕ್ಕಳಿಗೆ ಓದಿಸಿದೆ. ನಮ್ಮ ಮನೆಯಲ್ಲಿ ಊಟ ತಪ್ಪಿದರೂ ತಪ್ಪೀತು, ಓದು ತಪ್ಪುವುದಿಲ್ಲ. ನಮ್ಮ ಈ ಝೋಂಬಾ ಪಟ್ಟಣದಲ್ಲಿ ಎಷ್ಟು ಟೀಚರುಗಳ ಮನೆಯಲ್ಲಿ ಹೀಗಿದೆ? ಕೇಳಿ ನೋಡಬೇಕು.

ತಿಯಾಮಿಕೆ ಒಂದು ಪುಟಕ್ಕೆ ಅರ್ಧ ಬತ್ತಿ ಕರಗಿಸಿದಳು. ಏಳು ವರ್ಷ. ಎರಡನೇ ಕ್ಲಾಸು — ಅದೂ ನನ್ನದೇ ಕ್ಲಾಸು! ಬೇರೆಯವರ ಮಕ್ಕಳಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಇವಳ ಮುಖ ನೋಡಿದರೆ ಕೈ ಏಳುವುದಿಲ್ಲ. ನನ್ನ ಬಂಗಾರ, ನಿಧಾನಕ್ಕೆ ಕಲಿಯುತ್ತಾಳೆ.

ಸುಂಗೇನಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅಲ್ಲಿಂದಲೇ, ಪುಸ್ತಕ ನೋಡದೆ, ಮುಂದಿನ ಸಾಲು ಹೇಳಿಬಿಟ್ಟಳು. ಐದು ವರ್ಷದ ಯಾಂಕೊ ಎದ್ದು ಅವಳ ಹತ್ತಿರ ಓಡಿದ.

"ಅಮ್ಮ ಬೇಡ, ಸುಂಗೇನಿ ಓದ್ಲಿ! ಅವಳು ಕಥೇಲಿರೋ ಕತ್ತೆಕಿರುಬನ ಥರಾನೇ ನಗ್ತಾಳೆ!"

"ಅವಳ ಕೈ ಒದ್ದೆ ಕಣೋ. ಪುಸ್ತಕ ಹಾಳಾಗತ್ತೆ."

"ಒರೆಸ್ಕೊಂಡೆ, ಚಿಕ್ಕಮ್ಮ."

"ಮಾತಿಗೊಂದು ಮಾತು! ಸೌಟು ಬೆಳಗಿದ್ದಾಯ್ತಾ?"

ಸುಂಗೇನಿ ನನ್ನ ಅಕ್ಕ ಡೋರಿಕಾಳ ಮಗಳು. ಹತ್ತು ವರ್ಷ. ಅಕ್ಕ ಹೋದ ಮೇಲೆ ಅಣ್ಣ ಲೈಫೋರ್ಡ್ ಇವಳನ್ನು ಹಳ್ಳಿಯಲ್ಲಿ ಅವ್ವನ ಜೊತೆ ಇರಿಸಬೇಕೆಂದಿದ್ದ. ಅವ್ವನ ಕಣ್ಣು ಮಂಜಾಗಿತ್ತು. ನಾನೇ ಕೇಳಿಕೊಂಡೆ — ಓದಿಸುತ್ತೇನೆ, ಅವ್ವನಿಗೆ ಪೂರ್ತಿ ಕಾಣದಾದ ದಿನ ಕಳಿಸಿಕೊಡುತ್ತೇನೆ. ನಮ್ಮ ಜನರಲ್ಲಿ ಅಕ್ಕತಂಗಿಯರ ಮಕ್ಕಳಿಗೆಲ್ಲ ಸೋದರಮಾವನೇ ಯಜಮಾನ, ಅಪ್ಪನಲ್ಲ. ಅವನು ಹೂಂ ಅಂದ. ನನಗೂ ಮನೆಗೆಲಸಕ್ಕೆ ಎರಡು ಕೈ ಸಿಕ್ಕವು. ಕೊಟ್ಟು ಕೆಟ್ಟವರಿಲ್ಲ ಅನ್ನುತ್ತಾರೆ. ಇಟ್ಟುಕೊಂಡು ಕೆಟ್ಟವರೂ ಇಲ್ಲ.

ಜೂನ್ 9, ಭಾನುವಾರ

ಚರ್ಚಿನಲ್ಲಿ ಪಾಸ್ಟರ್ ಹೇಳಿದರು: ಇಪ್ಪತ್ತಮೂರಕ್ಕೆ ಓದುವ ಕುಟುಂಬಗಳ ಭಾನುವಾರ. ಒಂದೊಂದು ಮನೆಯವರೂ ಮಕ್ಕಳ ಜೊತೆ ವೇದಿಕೆ ಹತ್ತಿ ಓದಬೇಕು. ಆಮೇಲೆ ಇಷ್ಟದ್ದೊಂದನ್ನು ಕೊಡಬೇಕು. ಅತಿಥಿ — ಲಿಂಬೆ ಪಟ್ಟಣದಿಂದ ಮಿಸೆಸ್ ನಫಾಂಬೊ. ದೊಡ್ಡ ಮನೆ, ಕಾರು, ಮಕ್ಕಳಿಲ್ಲ.

ಮನೆಗೆ ಬಂದು ಮೂವರನ್ನೂ ಕೂರಿಸಿಕೊಂಡೆ. "ಹರಿದದ್ದು ಮುರಿದದ್ದು ಕೊಟ್ರೆ ದಾನ ಅಲ್ಲ. ಇಷ್ಟ ಆಗಿದ್ದನ್ನೇ ಕೊಡ್ಬೇಕು. ಕೊಟ್ಟಮೇಲೆ ತಿರುಗಿ ಕೇಳಬಾರ್ದು."

ಬೆಂಡೆಕಾಯಿ ಕಂಡರಾಗದ ಯಾಂಕೊ ಯೋಚಿಸಿ, "ನಂಗೆ ಬೆಂಡೆಕಾಯಿ ಸಾರು ತುಂಬಾ ಇಷ್ಟ. ಪೂರ್ತಿ ಕೊಟ್ಬಿಡ್ತೀನಿ" ಅಂದ. ವೈಸನ್ ನಕ್ಕು ನಕ್ಕು ಕೆಮ್ಮಿದರು. ಅಪ್ಪನಾದವರು ಬುದ್ಧಿ ಹೇಳುವುದು ಬಿಟ್ಟು...

ಜೂನ್ 18, ಮಂಗಳವಾರ

ರಾತ್ರಿ ಯಾಂಕೊನಿಗೆ ಜ್ವರ. "ಅಮ್ಮಾ" ಅಂತ ಕನವರಿಸಿದ. ಓಡಿ ಹೋದೆ. ಕಣ್ಣು ಬಿಟ್ಟು ನೋಡಿ, "ನೀನಲ್ಲ. ಸುಂಗೇನಿ" ಅಂದ.

ಹೆತ್ತವಳು ನಾನು!

ಬೆಳಿಗ್ಗೆ ಸುಂಗೇನಿಗೆ ಕಂಬಳಿಗಳನ್ನೆಲ್ಲ ಒಗೆಯಲು ಹಾಕಿದೆ. ಬೆಟ್ಟದಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ತುಟಿ ನೀಲಿಯಾದರೂ ಬಾಯಿ ಬಿಡಲಿಲ್ಲ. ಮೊಂಡಿ. ಬಟ್ಟೆ ಹಿಂಡುತ್ತಲೇ ಕಿಟಕಿಯಲ್ಲಿದ್ದ ಯಾಂಕೊನಿಗೆ ಕಥೆ ಹೇಳುತ್ತಿದ್ದಳು. ಕಿಟಕಿ ಮುಚ್ಚಿದೆ.

ಜೂನ್ 23, ಭಾನುವಾರ. ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ತಿಯಾಮಿಕೆಗೆ ಹೊಸ ಫ್ರಾಕು, ಬಿಳಿ ಕಾಲುಚೀಲ. ಮೈಕಿನ ಮುಂದೆ ನಿಂತಳು... ಮಾತೇ ಬರಲಿಲ್ಲ. ಒಂದು ಅಕ್ಷರವಿಲ್ಲ. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕೆಂದರು. "ಟೀಚರ್ ಮಗಳು!" ಅಂದದ್ದೂ ಕೇಳಿಸಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸುಂಗೇನಿ ಹಿಂದೆ ನಮ್ಮ ದಾನದ ಗಂಟು ಹಿಡಿದು ನಿಂತಿದ್ದಳು. ಬಗ್ಗಿ ತಿಯಾಮಿಕೆಯ ಕಿವಿಯಲ್ಲಿ ಸಾಲು ಹೇಳಿಕೊಟ್ಟಳು. ಆಗಲಾದರೂ ಸುಮ್ಮನಿರಬೇಕಲ್ಲ ಯಾಂಕೊ! "ಸುಂಗೇನಿ, ಕಿರುಬ ಮಾಡೇ!" ಅಂತ ಕೂಗಿದ. ಅವಳು ನನ್ನ ಮುಖ ನೋಡಿದಳು. ಪಾಸ್ಟರ್ "ಓದು ಮಗು" ಅಂದರು. ಓದಿದಳು. ಕಿರುಬನಾಗಿ ನಕ್ಕಳು, ಮೊಲವಾಗಿ ಅತ್ತಳು. ಚರ್ಚಿಗೆ ಚರ್ಚೇ ಬಿದ್ದುಬಿದ್ದು ನಕ್ಕಿತು. ನನ್ನ ತಿಯಾಮಿಕೆ ಕಾಲುಚೀಲ ಎಳೆದುಕೊಳ್ಳುತ್ತಾ ಪಕ್ಕದಲ್ಲಿ ನಿಂತೇ ಇದ್ದಳು.

ಮಿಸೆಸ್ ನಫಾಂಬೊ ಎದ್ದು ಬಂದರು. "ಇದ್ಯಾರ ಮಗು?"

"ನಂದೇ ಅಮ್ಮ." ಅಕ್ಕನ ಮಗಳು ಮಗಳೇ. ಸುಳ್ಳೇನಲ್ಲ.

"ನಂಗೆ ಇಂಥದ್ದೊಂದು ಇದ್ದಿದ್ರೆ..." ಅಂದರು, ಕಣ್ಣೊರೆಸಿಕೊಂಡರು.

"ಕರ್ಕೊಂಡು ಹೋಗಿ. ಕೊಟ್ಟೆ."

ಬಾಯಿಂದ ಬಂದೇ ಹೋಯಿತು. ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿಸಿತು. ಆಮೇಲೆ ಹೆಂಗಸರೆಲ್ಲ ಸಂತೋಷಕ್ಕೆ ನಾಲಿಗೆ ಹೊರಳಿಸಿ ಕೇಕೆ ಹಾಕಿದ್ದೇ ಹಾಕಿದ್ದು! ಪಾಸ್ಟರ್ ನನ್ನ ಕೈ ಹಿಡಿದೆತ್ತಿ, "ಟಿನ್ ಹಾಲಿನ ಪುಡಿ ತಂದವರೇ, ನೋಡಿ! ದಾನ ಅಂದ್ರೆ ಇದು!" ಅಂದರು. ನಕ್ಕವರೆಲ್ಲ ತಲೆ ತಗ್ಗಿಸಿದರು. ಹಿತವಾಗಿತ್ತು. ಏನು ಮುಚ್ಚುಮರೆ, ಬಹಳ ಹಿತವಾಗಿತ್ತು.

ಸುಂಗೇನಿಯನ್ನು ಯಾರೂ ಕೇಳಲಿಲ್ಲ.

ದಾರಿಯಲ್ಲಿ ವೈಸನ್, "ನಿಮ್ಮಣ್ಣನ್ನ ಕೇಳಿದ್ಯಾ?" ಅಂದರು.

"ದೇವರ ಕೆಲಸಕ್ಕೆ ಅಣ್ಣನ್ನ ಯಾಕ್ ಕೇಳ್ಬೇಕು?"

ಜೂನ್ 30, ಭಾನುವಾರ

ಕಾರು ಬಂತು. ಸುಂಗೇನಿ ಮಂಡಿಯೂರಿದಳು. "ಚಿಕ್ಕಮ್ಮ, ನಾನೇನ್ ತಪ್ಪು ಮಾಡ್ದೆ?"

"ತಪ್ಪೇನು ಬಂತು? ನಿನ್ನ ಅದೃಷ್ಟ ಕಣೇ. ಎದ್ದೇಳು, ಫ್ರಾಕು ಮಣ್ಣಾಗತ್ತೆ."

ಯಾಂಕೊ ಟಾರು ರಸ್ತೆವರೆಗೂ ಕಾರಿನ ಹಿಂದೆ ಓಡಿದ. ಹಿಡಿದು ತರುವಾಗ ನನ್ನ ಕೈ ಕಚ್ಚಿದ. ಹಲ್ಲಿನ ಗುರುತು ಇದೆ.

ಜುಲೈ 12, ಶುಕ್ರವಾರ

ಬರೆಯಲು ಪುರುಸೊತ್ತಿಲ್ಲ. ಪಾತ್ರೆ, ನೀರು, ಬಟ್ಟೆ... ಬೆರಳೆಲ್ಲ ಒಡೆದಿವೆ. ಓದಲು ಕೂರಿಸಿದರೆ ಯಾಂಕೊ ಕಿವಿ ಮುಚ್ಚಿಕೊಳ್ಳುತ್ತಾನೆ. ತಿಯಾಮಿಕೆ ಪುಸ್ತಕ ಕಂಡರೆ ಹೊಟ್ಟೆನೋವು ಅನ್ನುತ್ತಾಳೆ. ಇರಲಿ. ಮಾರ್ಕೆಟ್ಟಿನಲ್ಲಿ ಟೊಮೇಟೊ ಮಾರುವವಳು ಕೂಡ ನನ್ನನ್ನು ಕಂಡು ಎದ್ದು ನಿಂತಳು. ಮಗಳನ್ನು ಕೊಟ್ಟ ಮಹಾತಾಯಿ ಅಂತೆ.

ಜುಲೈ 20, ಶನಿವಾರ

ಅಣ್ಣ ಬಂದಿದ್ದ. ಒಣಮೀನಿನ ಗಂಟು ಕೆಳಗಿಟ್ಟು ವಿಷಯ ಹೇಳಿದ. ಅವ್ವನಿಗೆ ಈಗ ಏನೂ ಕಾಣುವುದಿಲ್ಲ. ಒಲೆಗೆ ಕೈಯಿಟ್ಟು ಸುಟ್ಟುಕೊಂಡಿದ್ದಾಳೆ. ಅಪ್ಪನ ಗೋರಿ ಬಿಟ್ಟು ಪಟ್ಟಣಕ್ಕೆ ಬರುವುದಿಲ್ಲವಂತೆ.

"ಹುಡುಗೀನ ಕಳ್ಸು. ಮಾತು ಕೊಟ್ಟಿದ್ಯಲ್ಲ."

ಅವಳನ್ನು ಕೊಟ್ಟುಬಿಟ್ಟದ್ದು ಹೇಳಿದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಇಲ್ಲ. ಎನ್ಸಿಮಾ ಮುದ್ದೆ ಪೂರ್ತಿ ಉಂಡ, ಕೈ ತೊಳೆದ.

"ಚರ್ಚಲ್ಲಿ ಯಾರ ಮಗು ಅಂದೆ?"

"ನಂದು ಅಂದೆ."

"ಸರಿಯಾಗೇ ಅಂದಿದೀಯ. ಡೋರಿಕಾಂದು, ನಿಂದು ಅಂತ ನನ್ ಲೆಕ್ಕದಲ್ಲಿ ಎರಡಿಲ್ಲ. ಮೂರು ಮಕ್ಕಳಿದ್ವು. ನನ್ನ ಕೇಳ್ದೆ ಒಂದು ಕೊಟ್ಟೆ. ಅವ್ವಂಗೆ ಒಬ್ಬ ಹುಡುಗಿ ಬೇಕು. ಉಳಿದಿರೋಳು ಒಬ್ಳೇ."

"ಅಣ್ಣ, ತಿಯಾಮಿಕೆಗೆ ಏಳು ವರ್ಷ! ಬೋರ್‌ವೆಲ್ ಒತ್ತಕ್ಕೂ ತೂಕ ಸಾಲಲ್ಲ ಅವಳಿಗೆ!"

"ಕಲೀತಾಳೆ. ಸುಂಗೇನಿ ಕಲೀಲಿಲ್ವಾ ನಿನ್ ಮನೇಲಿ?"

"ಕಳ್ಸಲ್ಲ ಅಂದ್ರೆ?"

"ಕಳಿಸ್ಬೇಡ. ನಾಳೆ ನಿನ್ನ ಮನೇಲಿ ಸಾವಾದ್ರೆ ನಮ್ಮೋರು ಒಬ್ರೂ ಬರಲ್ಲ. ಗುಂಡಿ ನೀನೇ ತೋಡ್ಕೋ."

ವೈಸನ್ ಕಡೆ ನೋಡಿದೆ. "ನನ್ನನ್ಯಾಕೆ ನೋಡ್ತೀಯ? ಹುಂಜ ಕೂಗಬೋದು ಅಷ್ಟೇ. ಮರಿ ಹೇಂಟೆ ಕಡೆಯೋರ್ದು. ಅವತ್ತೇ ಕೇಳ್ದೆ, ಅಣ್ಣನ್ನ ಕೇಳಿದ್ಯಾ ಅಂತ." ಎದ್ದು ಹೊರಗೆ ಹೋದರು. ಅಳುತ್ತಿದ್ದರು.

ಬರುವ ಶನಿವಾರ ಅಣ್ಣ ತಿಯಾಮಿಕೆಯನ್ನು ಕರೆದೊಯ್ಯಲು ಬರುತ್ತಾನೆ.

ಜುಲೈ 22, ಸೋಮವಾರ

ಸ್ಕೂಲಿಗೆ ರಜೆ ಹಾಕಿ ಲಿಂಬೆಗೆ ಹೋದೆ. ವರಾಂಡದಲ್ಲಿ ಸುಂಗೇನಿ ಓದುತ್ತಿದ್ದಳು. ಕಾಲಿಗೆ ಶೂ. ಮಿಸೆಸ್ ನಫಾಂಬೊ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲ ಹೇಳಿದೆ. "ಮಗೂನೇ ಕೇಳಿ" ಅಂದರು.

ಸುಂಗೇನಿ ಮಂಡಿಯೂರಿದಳು. "ಅಜ್ಜಿ ಕೈ ತುಂಬಾ ಸುಟ್ಟಿದ್ಯಾ?" ಕಣ್ಣು ತುಂಬಿತು. ಬರುತ್ತಾಳೆ, ಬಂದೇ ಬರುತ್ತಾಳೆ ಅಂದುಕೊಂಡೆ.

"ನಾನು ಹೋದ್ರೆ ತಿಯಾಮಿಕೆ ಉಳೀತಾಳೆ, ಅಲ್ವಾ ಚಿಕ್ಕಮ್ಮ?"

"ಹೂಂ ಕಣೇ, ನನ್ನವ್ವ."

"ಆಮೇಲೆ ನನ್ನನ್ನ ಯಾರಿಗ್ ಕೊಡ್ತೀರಿ?"

ಅವಳು ಸ್ವಲ್ಪ ಹೊತ್ತು ಕಾದಳು. ನಿಜವಾಗಿ ಕಾದಳು. ಆಮೇಲೆ, "ಕೊಟ್ಟಿದ್ದನ್ನ ತಿರುಗಿ ಕೇಳಬಾರ್ದು ಅಂತ ನೀವೇ ಹೇಳಿದ್ರಿ" ಅಂದು ಒಳಗೆ ಹೋದಳು. ಮಿಸೆಸ್ ನಫಾಂಬೊ ಟೀ ತರಿಸಿದರು. ಕುಡಿಯದೇ ಎದ್ದು ಬಂದೆ.

ಜುಲೈ 27, ಶನಿವಾರ. ಬೆಳಿಗ್ಗೆ

ಬಟ್ಟೆ ಕಟ್ಟಿದ್ದಾಯಿತು. ತಿಯಾಮಿಕೆ ತಾನೇ ಎದ್ದು ಮುಖ ತೊಳೆದು ಬಂದಳು.

"ಅಮ್ಮ, ನಂಗೆ ಓದಕ್ಕೆ ಬರಲ್ಲ ಅಂತ ಕೊಡ್ತಿದೀಯಾ?"

"ಇಲ್ಲ ಬಂಗಾರ. ಅಜ್ಜಿಗೆ ಕಣ್ಣು ಕಾಣಲ್ಲ, ಅದಕ್ಕೆ..."

"ಬರತ್ತೆ ನಂಗೆ. ನೋಡು."

ಪುಸ್ತಕ ತೆಗೆದು ನೆಲದಲ್ಲಿ ಕೂತಳು. ಓದುತ್ತಿದ್ದಾಳೆ. ಮುಖ ನೋಡಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಸಾಲು ತಡವರಿಸದೆ ಓದಿದಳು. ಎರಡನೆಯದೂ. ಹೊರಗೆ ಪಿಕಪ್ ಬಂದು ನಿಂತಿದೆ. ಅಣ್ಣ ಬಾಗಿಲು ಬಡಿಯುತ್ತಿದ್ದಾನೆ. ಬೆರಳಿಟ್ಟುಕೊಂಡು, ಬೆವರುತ್ತಾ, ಓದುತ್ತಲೇ ಇದ್ದಾಳೆ. ಒಂದೂ ತಪ್ಪಿಲ್ಲ. ಅಣ್ಣಾ, ಒಂದು ನಿಮಿಷ, ಈ ಪುಟ ಒಂದು