ಅತ್ತೆಯ ಕೋಣೆಯ ಬಿಸಿ ಪೈಪು

ಲಾಂಡ್ರಿ ಮೇಲಿನ ಮನೆ
ಜನವರಿ ೧೬, ಸಂಜೆ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಎದೆಯ ಹೊಲಿಗೆ ಒಣಗಿತೇ? ತಂಗಿಯ ಮನೆಯಲ್ಲಿ ಅವಳು ಕೊಡುವ ಮಾತ್ರೆ ನುಂಗುತ್ತೀರೋ, ದಿಂಬಿನ ಕೆಳಗೆ ತೂರಿಸುತ್ತೀರೋ? ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ! ತಲೆಕೆಡಿಸುವ ಸುದ್ದಿ ಯಾವುದನ್ನೂ ನಿಮಗೆ ಹೇಳಬಾರದೆಂದು ಡಾಕ್ಟರ ಅಪ್ಪಣೆ. ಆದರೆ ಹೇಳದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ. ಮೊದಲು ಕೂತುಕೊಳ್ಳಿ, ಆಮೇಲೆ ಓದಿ.

ದೊಡ್ಡ ಹೋಟೆಲಿನವರು ಹೊಸ ರಾಗ ತೆಗೆದಿದ್ದಾರೆ. ತಮ್ಮ ಬಟ್ಟೆ ಒಗೆಯುವವರು ಎಷ್ಟು ಗ್ಯಾಸು, ಎಷ್ಟು ಕರೆಂಟು ಬಳಸುತ್ತಾರೆ, ಎಷ್ಟು ಹೊಗೆ ಬಿಡುತ್ತಾರೆ ಎಂದು ತಪಾಸಣೆ ಆಗಬೇಕಂತೆ. ಪೋಲು ನಿಲ್ಲಿಸಿದವರಿಗೆ ಮಾತ್ರ ಮುಂದೆ ಕೆಲಸವಂತೆ. ಅವರ ಬೆಡ್‌ಶೀಟು ಬರದಿದ್ದರೆ ನಮ್ಮ ಯಂತ್ರಗಳು ಅರ್ಧ ದಿನ ಆಕಳಿಸುತ್ತಾ ಕೂರಬೇಕು. ತಪಾಸಣೆಗೆ ಬಂದಾಕೆ ಶಾಖ ಕಾಣಿಸುವ ಕ್ಯಾಮೆರಾ ಹಿಡಿದು ಮೂಲೆಮೂಲೆಗೂ ಮೂಗು ತೂರಿಸಿದರು. ಡ್ರೈಯರಿನ ಜಾಲರಿಯಲ್ಲಿ ಕಟ್ಟಿಕೊಂಡಿದ್ದ ನೂಲಿನ ಧೂಳು ತೆಗೆಸಿದರು. ಇಸ್ತ್ರಿಯವನು ‘ನಮ್ಮ ಹಾವು’ ಎಂದು ಮುದ್ದು ಮಾಡುತ್ತಿದ್ದ ಆವಿ ಸೋರಿ ಬುಸುಗುಡುವ ವಾಲ್ವನ್ನೂ ಬದಲಿಸಲು ಹೇಳಿದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಮಹಡಿ ಹತ್ತಿ ಅತ್ತೆಯ ಕೋಣೆಗೆ ಬಂದರು ನೋಡಿ! ಕ್ಯಾಮೆರಾದಲ್ಲಿ ಬಾಯ್ಲರಿನಿಂದ ಬರುವ ಗೋಡೆಯ ಪೈಪು ಕೆಂಪಗೆ ಧಗಧಗ. ಆವಿಯ ಪೈಪಿಗೆಲ್ಲ ಹೊದಿಕೆ ಸುತ್ತಿಸಿದವರು ನೀವು, ಅಲ್ಲಿ ಮಾತ್ರ ಬೇಕೆಂದೇ ಬಿಟ್ಟಿದ್ದಿರಲ್ಲ, “ಅಮ್ಮಂಗೆ ಬೆಚ್ಚಗಿರಲಿ ಬಿಡೇ” ಅಂತ. ಸಾಲದ್ದಕ್ಕೆ ಕಿಟಕಿ ಬೇರೆ ಹಾರು ಹೊಡೆದಿತ್ತು. “ಇಷ್ಟು ಚಳೀಲಿ ಬೀದಿಗೆ ಬಿಸಿ ಹಂಚ್ತಿದ್ದೀರಲ್ಲಾ!” ಎಂದರು ಆಕೆ. ಅತ್ತೆಯದು ಅದೇ ಹಳೆಯ ಉತ್ತರ, “ನಂಗೆ ಗಾಳಿ ಬೇಕಮ್ಮಾ.” ಆ ಕಿಟಕಿಗಾಗಿ ತಾಯಿ ಮಗ ಎಷ್ಟು ಜಗಳವಾಡಿದ್ದೀರೋ!

ಮೊದಲು ಆ ಪೈಪು ಮುಚ್ಚಿ, ಶುಕ್ರವಾರ ಮತ್ತೆ ನೋಡುತ್ತೇನೆ ಎಂದು ಹೇಳಿ ಹೋದರು. ನಿಮ್ಮನ್ನು ಕೇಳದೆ ಇವತ್ತು ಮಧ್ಯಾಹ್ನ ಹೊದಿಕೆ ಸುತ್ತಿಸಿಬಿಟ್ಟೆ ಕಣ್ರೀ. ಆಗಿನಿಂದ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಗೋಡೆ ಮುಟ್ಟಿದರೆ ತಣ್ಣಗಿದೆ. ಅತ್ತೆಗೆ ದಪ್ಪ ಕಂಬಳಿ ಕೊಟ್ಟೆ, ತುಟಿಪಿಟಕ್ಕೆನ್ನದೆ ಇಸಿದುಕೊಂಡರು. ಬೈದಿದ್ದರೂ ಸಮಾಧಾನವಾಗುತ್ತಿತ್ತು. ಮೆಟ್ಟಿಲು ಹತ್ತುವುದು, ಕೆಮ್ಮು ಕೇಳುತ್ತದೆಯೇ ಎಂದು ಬಾಗಿಲಿಗೆ ಕಿವಿ ಕೊಡುವುದು, ಇಳಿಯುವುದು, ಇದೇ ಆಗಿದೆ. ಒಂದು ಸಲ ಕೆಮ್ಮಿದರೂ ಕತ್ತರಿ ತಂದು ಎಲ್ಲ ಕಿತ್ತೆಸೆಯುತ್ತೇನೆ, ಹೋಟೆಲು ಹಾಳಾಗಿ ಹೋಗಲಿ ಅನ್ನಿಸುತ್ತದೆ. ಮರುಕ್ಷಣ ಕೆಳಗೆ ಬೆಡ್‌ಶೀಟು ಮಡಿಸುವ ಹೆಂಗಸರ ಮುಖ ಕಾಣುತ್ತದೆ. ಅವರನ್ನು ಮನೆಗೆ ಕಳಿಸಲು ನನಗೆ ಬಾಯಿ ಬರುತ್ತದೆಯೇ? ಆದರೂ ಆ ವಯಸ್ಸಿನ ಜೀವವನ್ನು ಚಳಿಗೆ ದೂಡಿದೆನಲ್ಲ! ನಾನೇನು ಮಾಡಲಿ, ನೀವೇ ಹೇಳಿ.

ನಾದಿನಿಗೂ ಮಕ್ಕಳಿಗೂ ನನ್ನ ನೆನಪು ತಿಳಿಸಿ. ಮೆಟ್ಟಿಲು ಹತ್ತಬೇಡಿ. ನೀವಿಲ್ಲದೆ ಈ ಬಾಯ್ಲರಿನ ಸದ್ದೂ ನನಗೆ ಸೇರುತ್ತಿಲ್ಲ.

ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿರುವ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಇಷ್ಟು. ೧೭ರ ಬೆಳಿಗ್ಗೆ ಕಾಫಿ ಹಿಡಿದು ಅತ್ತೆಯ ಕೋಣೆಗೆ ಓಡಿದೆ. ಕಿಟಕಿ ಮುಚ್ಚಿತ್ತು! ಚಳಿ ತಡೆಯಲಾರದೆ ಮುಚ್ಚಿದರೇನೋ ಎಂದು ಒಳಗೆ ನುಗ್ಗಿದೆ. ನೋಡಿದರೆ ಅತ್ತೆ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಎದ್ದವರೇ, “ಅಬ್ಬಾ, ಹೀಗೆ ಕಂಬಳಿ ಹೊದ್ದು ಮಲಗಿ ಎಷ್ಟು ವರ್ಷ ಆಯ್ತೇ! ಆ ಪೈಪಿನ ಧಗೆಗೆ ಬೆಂದು ಹೋಗಿದ್ದೆ” ಅಂದರು. ಮೊದಲೇ ಹೇಳಬಾರದಿತ್ತೇ ಎಂದರೆ, “ಹೆಂಗೆ ಹೇಳ್ಲಿ? ಅಮ್ಮಂಗೆ ಅಂತ ಅಷ್ಟು ಆಸೆಯಿಂದ ಬಿಟ್ಟಿದ್ದಾನೆ ಮಗ” ಅಂದರು. ನಿಮಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಬೇಗ ಗುಣವಾಗಿ ಬನ್ನಿ. ಬಂದವರೇ ಅವರೆದುರು, ಅಮ್ಮನ ಪೈಪು ಯಾಕೆ ಮುಚ್ಚಿಸಿದೆ ಅಂತ ನನಗೆ ಚೆನ್ನಾಗಿ ಬೈಯಿರಿ.