ಕೈಮೇಲಿನ ನೀಲಿ ಕಲೆಗಳು

ಮಣ್ಣೂರ, ಅಫಜಲಪುರ ತಾಲೂಕು
20 ಅಕ್ಟೋಬರ್ 2024, ರವಿವಾರ

ನನ್ನ ಮುದ್ದಿನ ಮಗಳು ಜಯಮಾಲಾಳಿಗೆ,

ಅವ್ವ ದೂರದಿಂದಲೇ ನಿನ್ನ ತಲೆ ಸವರುತ್ತಿದ್ದಾಳೆ ಎಂದುಕೊಂಡು ಈ ಪತ್ರ ಓದು. ಪಂಚಮಿಗೆ ಬಂದು ಜೇವರ್ಗಿಗೆ ಹೋದಮೇಲೆ ನೀನು ಎಷ್ಟೋ ಸಲ ಫೋನ್ ಮಾಡಿದೆ. ನಾನು ಹಾಂ, ಹೂಂ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನಿನಗೆ ಬೇಜಾರಾಗಿರಬೇಕು. ಏನು ಮಾಡಲಿ, ನನ್ನ ಕಿವಿ ಮಂದ. ಸ್ಪೀಕರ್ ಹಾಕದಿದ್ದರೆ ನನಗೆ ಕೇಳುವುದಿಲ್ಲ, ಹಾಕಿದರೆ ನೀನು ನನಗೊಬ್ಬಳಿಗೇ ಹೇಳಿದ್ದು ಅಡುಗೆಮನೆಯವರೆಗೂ ಹೋಗುತ್ತದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಬರೆಯಲು ಕೂತರೆ ಬೆರಳು ಸೆಟೆದುಕೊಳ್ಳುತ್ತವೆ. ಎರಡು ಸಾಲು ಬರೆಯುವುದು, ದಿಂಬಿನ ಕೆಳಗಿಡುವುದು, ಹೀಗೆ ತಡವಾಯಿತು. ಕೋಪ ಮಾಡಿಕೊಳ್ಳಬೇಡ.

ಇಲ್ಲಿ ಎಲ್ಲರೂ ಆರಾಮ. ಭೀಮಾ ಈ ಸಲ ದಂಡೆ ಮೀರಿ ಬಂದಿದ್ದಳು. ಕೆಳಗಿನ ಹೊಲಗಳ ತೊಗರಿಗೆ ನೀರು ಹೊಕ್ಕಿತು, ನಮ್ಮದು ಎತ್ತರದಲ್ಲಿದ್ದುದಕ್ಕೆ ಉಳಿಯಿತು. ನಿನ್ನ ತಮ್ಮ ಸಿದ್ದಲಿಂಗ ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗುತ್ತಾನೆ. ಅಳಿಯಂದಿರ ಮಂಡಿನೋವು ಈಗ ಹೇಗಿದೆ? ಬರೆ.

ಇನ್ನು ನೀನು ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದ ವಿಷಯ. ಪಂಚಮಿಯ ದಿನ ನಡೆದದ್ದು ನಿನಗೆ ಗೊತ್ತೇ ಇದೆ, ಆದರೆ ನಾನು ಕೂತ ಜಾಗದಿಂದ ಅದು ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ನನ್ನ ಜಂಪರಿನ ತೋಳು ಮೇಲೆ ಸರಿಸಿ ನೀನು, "ಯವ್ವಾ, ಇದೇನ್ ಬೇ ಇದು? ಯಾರ್ ಹೊಡದಾರ ನಿನಗ?" ಎಂದೆ. ಮೊಣಕೈ ಮೇಲೆ ನೀಲಿ, ಕೆಳಗೆ ಕಂದು, ಒಂದು ಕಡೆ ಬೆರಳು ಒತ್ತಿದ ಹಾಗೆ ಸಾಲಾಗಿ ಕಲೆಗಳು. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನಾನು ಅವನ್ನು ಸರಿಯಾಗಿ ನೋಡಿಕೊಂಡೇ ಇರಲಿಲ್ಲ. ಮುದಿ ಚರ್ಮ, ಏನೋ ಆಗಿರುತ್ತದೆ ಎಂದು ಬಿಟ್ಟಿದ್ದೆ. ಅಷ್ಟರಲ್ಲಿ ನಿನ್ನ ಕಣ್ಣು ನನ್ನ ಮಣಿಕಟ್ಟಿಗೆ ಹೋಯಿತು. "ಪಾಟಲಿ ಎಲ್ಲಿ?" ಎಂದೆ. ಒಳಗೆ ಉಂಡಿ ಕಟ್ಟುತ್ತಿದ್ದ ನನ್ನ ಸೊಸೆ ಸಪ್ನಾ ಅಲ್ಲಿಂದಲೇ, "ಅತ್ತಿ ಕೈ ಕೆರೀಲತ್ತಿದ್ವು ಅಕ್ಕಾ, ತಗದು ಅಲಮಾರಿಯಾಗ ಇಟ್ಟೀನಿ" ಎಂದಳು. ನೀನು ಆ ಮಾತು ನಂಬಲಿಲ್ಲ. ಅಲಮಾರಿ ತೆಗೆಸಿ ಬಂಗಾರದ ಪಾಟಲಿ ಬಳೆ ನೋಡಿದಮೇಲೂ ನಿನ್ನ ಮುಖ ತಿಳಿಯಾಗಲಿಲ್ಲ.

ಹಬ್ಬಕ್ಕೆಂದು ಬಂದಿದ್ದ ನಿನ್ನ ಕಾಕಾ ಶಾಂತಲಿಂಗಪ್ಪನವರ ಮುಂದೆ ನನ್ನ ಕೈ ಚಾಚಿ ಹಿಡಿದು, "ನೋಡ್ರಿ ಕಾಕಾ, ಈ ಮನ್ಯಾಗ ನಮ್ಮವ್ವನ ಪರಿಸ್ಥಿತಿ" ಎಂದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ವಯಸ್ಸಾದವ್ರ ಮ್ಯಾಲೆ ಕೈ ಎತ್ತೂದು ಶರಣರ ಮನಿತನಕ್ಕ ಶೋಭಾ ತರೂದಿಲ್ಲ" ಎಂದರು. ಸಪ್ನಾ ತುಪ್ಪದ ಕೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ಸಿದ್ದಲಿಂಗ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. ಆಗ ನೀನು ನನ್ನ ಗದ್ದ ಹಿಡಿದು ಕೇಳಿದೆ, "ಖರೇ ಹೇಳು ಬೇ, ಅಕಿ ಹೊಡೀತಾಳೇನು?"

ನಾನು ಏನೆಂದೆ? "ನನಗ ನೆನಪಿಲ್ಲ" ಎಂದೆ.

ಹೊಡೆದದ್ದು ನೆನಪಿರಲಿಲ್ಲ, ನಿಜ. ಆದರೆ ಆ ಕಲೆ ಹೇಗೆ ಬಂತೆಂಬುದೂ ನೆನಪಿರಲಿಲ್ಲ. ನನ್ನ ಮಾತು ಮುಗಿಯುವುದರೊಳಗೆ ಸಪ್ನಾ ಒಳಗೆ ಹೋದಳು. ಆ ಮಧ್ಯಾಹ್ನ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು. ತಾನು ಉಂಡಳೋ ಇಲ್ಲವೋ ಯಾರೂ ಕೇಳಲಿಲ್ಲ.

ನೀನು ಹೊರಡುವಾಗ, ಸಪ್ನಾ ನನ್ನ ಕೈಕಾಲಿಗೆ ಹಚ್ಚುವ ಕ್ರೀಮಿನ ಬಾಟಲಿಯನ್ನು ಸೆರಗಿನ ಮರೆಯಲ್ಲಿ ಚೀಲಕ್ಕೆ ಹಾಕಿಕೊಂಡದ್ದನ್ನು ನಾನು ನೋಡಿದೆ, ಸುಮ್ಮನಿದ್ದೆ. ಜೇವರ್ಗಿಯಲ್ಲಿ ಔಷಧಿ ಅಂಗಡಿಯ ಖಾದರಸಾಬರಿಗೆ ತೋರಿಸಿದೆಯಂತೆ. ಒಣ ಚರ್ಮಕ್ಕೆ ಹಚ್ಚುವ ಸಾದಾ ಕ್ರೀಮು, ಕೆಟ್ಟದ್ದೇನೂ ಇಲ್ಲ ಎಂದು ಅವರು ಹೇಳಿದರೂ ನೀನು ಫೋನ್ ಮಾಡಿ, "ಬಾಟಲಿ ಅದೇ ಇರ್ತದ ಬೇ, ಒಳಗಿಂದು ಬದಲಿ ಮಾಡಿರ್ತಾಳ. ಹುಷಾರಿರು" ಎಂದೆ. ಆಗ ಸ್ಪೀಕರ್ ಹಾಕಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಆಮೇಲೆ ನನ್ನೊಳಗೂ ಹುಳ ಹೊಕ್ಕಿತು ಮಗಳೇ. ನನ್ನ ಮಗಳು ಓದಿದವಳು, ಲೋಕ ಕಂಡವಳು, ಸುಮ್ಮನೆ ಹೇಳುವುದಿಲ್ಲ ಎಂದುಕೊಂಡೆ. ಸಪ್ನಾ ಜಳಕ ಮಾಡಿಸುವಾಗ ಬಚ್ಚಲ ಬಾಗಿಲು ಯಾಕೆ ಹಾಕುತ್ತಾಳೆ? ಸೆಕೆಯಲ್ಲೂ ನನಗೆ ಉದ್ದ ತೋಳಿನ ಜಂಪರೇ ಯಾಕೆ ತೊಡಿಸುತ್ತಾಳೆ? ಕಲೆ ಮುಚ್ಚುವುದಕ್ಕೋ? ಅವಳು ಹೊಸ ಬಾಟಲಿ ತಂದಾಗ ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ. ಅವಳು ಹಾಲು ಕೊಟ್ಟರೆ, ಆಮೇಲೆ ಕುಡಿಯುತ್ತೇನೆ ಎಂದು ಪಕ್ಕಕ್ಕಿಡುತ್ತಿದ್ದೆ. ಬೆಳಿಗ್ಗೆ ಲಿಂಗಪೂಜೆಗೆ ಎಡಗೈ ಚಾಚಿದರೆ ನನ್ನ ಕಣ್ಣು ಲಿಂಗದ ಮೇಲೆ ನಿಲ್ಲುತ್ತಿರಲಿಲ್ಲ, ಮೊಣಕೈ ಹತ್ತಿರ ಹೊಸ ಕಲೆ ಎದ್ದಿದೆಯೋ ಎಂದು ಹುಡುಕುತ್ತಿತ್ತು. ಹುಡುಕಿದರೆ ಒಂದಿಲ್ಲ ಒಂದು ಇದ್ದೇ ಇರುತ್ತಿತ್ತು.

ಒಂದು ದಿನ, "ಬಾಗಲಾ ತಗದಿಡು, ನನಗ ದಮ್ಮ ಹತ್ತತದ" ಎಂದೆ. ಅವಳಿಗೆ ತಿಳಿಯದೆ ಇರುತ್ತದೆಯೇ? "ಛಳಿ ಗಾಳಿ ಬರ್ತದ, ಆಮ್ಯಾಲೆ ಮೈ ಒಡೀತದ" ಎಂದಳು. ಆದರೂ ಬಾಗಿಲು ತೆರೆದಿಟ್ಟೇ ನೀರು ಹಾಕಿದಳು. ನಾನು ಏಳುವಾಗ ರಟ್ಟೆ ಗಟ್ಟಿಯಾಗಿ ಹಿಡಿದಳು. ಯಾಕಿಷ್ಟು ಗಟ್ಟಿ ಹಿಡಿಯುತ್ತಾಳೆ ಎಂದು ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೆ.

ಮಹಾನವಮಿಗೆ ಮೊದಲು ಸಪ್ನಾ ಆಳಂದಕ್ಕೆ, ತವರಿಗೆ ಹೋದಳು. ಅಣ್ಣನ ಜೊತೆ ಜಿಡಗಾ ಮಠಕ್ಕೂ ಹೋಗಿ ಬರುವುದಿತ್ತು. ನನ್ನನ್ನು ನೋಡಿಕೊಳ್ಳಲು ಓಣಿಯ ಗುರಮ್ಮನಿಗೆ ಹೇಳಿಹೋಗಿದ್ದಳು. ಒಂದು ಬೆಳಿಗ್ಗೆ ನಾನು ಕಟ್ಟೆಯ ಅಂಚಿಗೆ ಮುಂಗೈ ಒತ್ತಿ ಕೂತು ಶೇಂಗಾ ಸುಲಿದೆ. ಮಧ್ಯಾಹ್ನ ನೋಡಿದರೆ ಅದೇ ಕೈ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ನೀಲಿ ಕಲೆ. ಸಪ್ನಾ ಊರಲ್ಲೇ ಇಲ್ಲ! ನಿನ್ನ ಅವ್ವನ ಬುದ್ಧಿ ನೋಡು, ಮೊದಲು ಗುರಮ್ಮನ ಮೇಲೆ ಸಂಶಯಪಟ್ಟೆ. "ನೀ ಏನರ ನನ್ನ ಕೈ ಹಿಡದೇನು?" ಎಂದು ಕೇಳಿಯೂ ಬಿಟ್ಟೆ. ಅವಳು, "ನಾ ಈಗ ಬಂದೀನ್ರಿ ಯವ್ವಾ, ಇನ್ನಾ ಚಪ್ಪಲ್ಲೂ ಬಿಟ್ಟಿಲ್ಲ" ಎಂದಳು.

ಸಿದ್ದಲಿಂಗನಿಗೆ ತೋರಿಸಿದೆ. ಅವನು ಕಲೆಯ ಮೇಲೆ ಬೆರಳಾಡಿಸಿದ. ಸಪ್ನಾ ಬಂದ ಮರುದಿನವೇ ಮೂವರೂ ಅಫಜಲಪುರಕ್ಕೆ ಖಮರ ಡಾಕ್ಟರ ಹತ್ತಿರ ಹೋದೆವು. ಹೆಣ್ಣುಮಗಳು, ನಿನ್ನ ವಾರಿಗೆಯವರೇ ಇರಬೇಕು. ಎರಡೂ ಕೈ ಬೆಳಕಿಗೆ ಹಿಡಿದು ನೋಡಿದರು, ನನ್ನ ಗುಳಿಗೆಗಳನ್ನೆಲ್ಲ ನೋಡಿದರು, ರಕ್ತ ತಪಾಸಣೆ ಮಾಡಿಸಿದರು. ಆಮೇಲೆ ಹೇಳಿದರು: "ಯಾರೂ ಹೊಡದಿಲ್ಲ ಅಮ್ಮಾ. ವಯಸ್ಸಾದಂಗ ಚರ್ಮ ಉಳ್ಳಾಗಡ್ಡಿ ಸಿಪ್ಪಿ ಆಗ್ತದ. ಬಿಸಲಾಗ ದುಡದ ಕೈ ಅಂದ್ರ ಇನ್ನಾ ತೆಳ್ಳಗ. ಒಳಗಿನ ಸಣ್ಣ ನರಕ್ಕ ಆಸರಾ ಇರಂಗಿಲ್ಲ, ಜರಾ ಒತ್ತಿದ್ರ ಒಳಗೇ ರಕ್ತ ಹರಡತದ. ಮ್ಯಾಲ ನೀವು ಹೃದಯಕ್ಕಂತ ರಕ್ತ ತೆಳು ಮಾಡೂ ಗುಳಗಿ ತಗೋತೀರಿ. ಅದನ್ನ ಮಾತ್ರ ನಮ್ಮನ್ನ ಕೇಳದ ಬಿಡಬ್ಯಾಡ್ರಿ."

ಸಪ್ನಾ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದಳು. ಮುಂದೆ ಬಂದು ಕೇಳಿದಳು, "ಮೇಡಂ, ಜಳಕದಾಗ ಜಾರಬಾರದಂತ ನಾ ಅತ್ತಿ ರಟ್ಟಿ ಹಿಡೀತೀನಿ. ಹಂಗಾರ ಆ ಸಾಲು ಕಲಿ ನನ್ನ ಬೆರಳೇ ಏನ್ರಿ?"

ಡಾಕ್ಟರು ಅವಳ ಕಡೆ ತಿರುಗಿದರು. "ಇರಬಹುದು ಯವ್ವಾ. ಆದ್ರ ನೀ ಹಿಡೀದಿದ್ರ ಅವ್ರು ಬಿದ್ದು ಸೊಂಟ ಮುರ್ಕೋತಿದ್ರು" ಎಂದರು.

ಸಪ್ನಾ ತನ್ನ ಅಂಗೈ ನೋಡಿಕೊಂಡಳು. ನಾನು ನೆಲ ನೋಡಿದೆ.

ಈಗ ನನ್ನ ಚರ್ಮಕ್ಕೆ ಈ ಮನೆಯಲ್ಲಿ ದೊಡ್ಡ ಉಪಚಾರ. ಉಜ್ಜುಕಲ್ಲು ಬಚ್ಚಲಿನಿಂದ ಹೊರಗೆ ಹೋಯಿತು. ಕುದಿನೀರು ಬಂದ್, ಉಗುರುಬೆಚ್ಚಗಿನ ನೀರೇ. ಸಾಬೂನು ಬೇಕಾದ ಕಡೆ ಮಾತ್ರ. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ, ಮೈ ಹಸಿ ಇರುವಾಗಲೇ ಕ್ರೀಮು ಹಚ್ಚಬೇಕು. ಎಬ್ಬಿಸುವಾಗ ರಟ್ಟೆ ಹಿಡಿಯದೆ ಸೊಂಟಕ್ಕೆ ಕೈ ಕೊಡಬೇಕು. ಉದ್ದ ತೋಳು ಒಳ್ಳೆಯದೇ ಅಂತೆ, ಪೆಟ್ಟಿಗೂ ಬಿಸಿಲಿಗೂ ಆಸರೆ. ಪಲ್ಲಂಗದ ಕಬ್ಬಿಣದ ಅಂಚಿಗೆ ಸಪ್ನಾ ಹಳೆಯ ಕೌದಿ ಸುತ್ತಿ ಹೊಲಿದಿದ್ದಾಳೆ. ಕಲೆಗಳು ಪೂರ್ತಿ ಹೋಗುವುದಿಲ್ಲವಂತೆ. ಹಳೆಯವು ಮಾಸುತ್ತವೆ, ಹೊಸವು ಬರುತ್ತವೆ.

ನಿನಗೂ ಐವತ್ತು ದಾಟಿತು. ಸ್ಕೂಟರ್ ಮೇಲೆ ಬಿಸಿಲಲ್ಲಿ ತಿರುಗುತ್ತೀ. ಕೈ ಮುಚ್ಚಿಕೊಂಡು ಹೋಗು, ಜಳಕವಾದಮೇಲೆ ಏನಾದರೂ ಹಚ್ಚಿಕೋ. ನಿನ್ನ ಮೊಣಕೈ ಬೆಳ್ಳಗೆ ಒಡೆದದ್ದನ್ನು ಪಂಚಮಿಯಲ್ಲೇ ನೋಡಿದೆ, ಹೇಳಬೇಕೆನ್ನುವಷ್ಟರಲ್ಲಿ ಆ ಗಲಾಟೆ ಆಯಿತು.

ಡಾಕ್ಟರ ಮಾತನ್ನು ಶಾಂತಲಿಂಗಪ್ಪ ಕಾಕಾನಿಗೆ ಸಿದ್ದಲಿಂಗ ಹೇಳಿದ್ದಾನೆ. "ಹಂಗೇನು, ಛಲೋ ಆತು" ಎಂದರಂತೆ. ಅಷ್ಟಕ್ಕೇ ಅವರದು ಮುಗಿಯಿತು. ನೀನು ಹಾಗೆ ಮುಗಿಸಬೇಡ. ದೀಪಾವಳಿಗೆ ಬಾ. ಫೋನಿನಲ್ಲಿ ಬೇಡ, ಎದುರಿಗೆ ಕೂತು ಸಪ್ನಾಳ ಜೊತೆ ಮಾತಾಡು. ನೀನು ನನ್ನ ಮೇಲಿನ ಕರುಳಿನಿಂದ ಮಾಡಿದೆ, ನನಗೆ ಗೊತ್ತು. ಅವಳಿಗೂ ಅದನ್ನು ನೀನೇ ಹೇಳಬೇಕು.

ಅಳಿಯಂದಿರಿಗೆ ಶರಣು ತಿಳಿಸು. ನಿನ್ನ ಕೈಗೆ ಬಲ, ನಿನ್ನ ಮನೆಗೆ ಬೆಳಕು, ನಿನ್ನ ಮಾತಿಗೆ ತಾಳ್ಮೆ ಬಸವಣ್ಣ ಕೊಡಲಿ.

ನಿನ್ನ ಅವ್ವ,
ಶಿವಕಾಂತಾ

ತಾ.ಕ.: ಮೇಲಿನದನ್ನು ಓದಿ ಎಲ್ಲ ಸರಿಹೋಯಿತೆಂದು ತಿಳಿಯಬೇಡ. ಸಪ್ನಾ ಈಗ ನನ್ನ ಮೈ ಮುಟ್ಟುವುದಿಲ್ಲ. ಜಳಕ ಮಾಡಿಸುವವಳೂ ಗುರಮ್ಮ, ಕ್ರೀಮು ಹಚ್ಚುವವಳೂ ಗುರಮ್ಮ. ಸಪ್ನಾ ಬಚ್ಚಲ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಿರುತ್ತಾಳೆ. ಜಳಕಕ್ಕೆ ಮೊದಲು ನನ್ನ ಕೈಗಳ ಫೋಟೋ, ಜಳಕವಾದಮೇಲೆ ಮತ್ತೆ ಫೋಟೋ. "ಇದ್ಯಾಕ?" ಎಂದು ಕೇಳಿದರೆ, "ಇರ್ಲಿ, ನಾಳಿಗಿ ಯಾರರ ಕೇಳಿದ್ರ ತೋರಸಾಕ ಬೇಕಲ್ಲ. ನಿಮಗ ನೆನಪಿರಂಗಿಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಿನ್ನೆ ನಾನೇ ಅವಳ ಸೆರಗು ಹಿಡಿದು, "ಒಮ್ಮೆ ನೀ ಹಚ್ಚವಾ" ಎಂದೆ. ನಿಧಾನವಾಗಿ ಸೆರಗು ಬಿಡಿಸಿಕೊಂಡಳು, ನನ್ನ ಬೆರಳು ತಾಗದ ಹಾಗೆ. ಮೊದಲು ನನಗೆ, "ಅತ್ತಿ, ಕೈ ಕೊಡು" ಎನ್ನುತ್ತಿದ್ದಳು. ಈಗ ದೂರ ನಿಂತು, "ಕೈ ತೋರಸ್ರಿ" ಎನ್ನುತ್ತಾಳೆ.